ಕಾಲೇಜು ಸಂಘ: ಬ್ಯಾಚ್ ಹೋದರೂ ನಿಲ್ಲದಿರಲಿ

ಪದವಿಯ ಮೊದಲ ವರ್ಷ ಕಾಲೇಜಿನ ಪರಿಚಯಕ್ಕೇ ಕಳೆಯುತ್ತದೆ. ಕೊನೆಯ ವರ್ಷ ಪರೀಕ್ಷೆ, ಕೆಲಸದ ಚಿಂತೆ. ನಡುವಿನ ಒಂದು ವರ್ಷದಲ್ಲಿ ಹುಮ್ಮಸ್ಸಿನಿಂದ ಕಟ್ಟಿದ ಇತಿಹಾಸ ಸಂಘವೋ ಪರಿಸರ ಸಂಘವೋ ಆ ಬ್ಯಾಚ್ ಹೊರಟ ಮೇಲೆ ನಿಂತುಹೋಗುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಸಂಘ ಕಟ್ಟಲು ಹೊರಟ ವಿದ್ಯಾರ್ಥಿಗಳು ಮುಂದಿನ ಬ್ಯಾಚನ್ನು ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಾನ್ಯತೆಯೋ ನೋಂದಣಿಯೋ?

ಕಾಲೇಜಿನೊಳಗಿನ ಸಂಘಕ್ಕೆ ಪ್ರಾಂಶುಪಾಲರ ಲಿಖಿತ ಒಪ್ಪಿಗೆ, ಸಲಹೆಗಾರರಾಗಿ ಒಬ್ಬ ಅಧ್ಯಾಪಕರು ಇದ್ದರೆ ಕೆಲಸ ಶುರು ಮಾಡಬಹುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಾಲೇಜುಗಳವರೂ ಕೂಡಿದ ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸುವುದು ಒಳ್ಳೆಯದು. ಸಹಿ ಹಾಕಲು ಕನಿಷ್ಠ 7 ಮಂದಿ ಬೇಕು. ಎಲ್ಲರಿಗೂ 18 ತುಂಬಿರಲಿ. ಪ್ರಥಮ ವರ್ಷದವರಲ್ಲಿ ಕೆಲವರಿಗೆ ತುಂಬಿರುವುದಿಲ್ಲ, ಗಮನಿಸಿ. ಉದ್ದೇಶ ಪತ್ರ ಮತ್ತು ಬೈಲಾದೊಂದಿಗೆ ಅರ್ಜಿ ಹೋಗುವುದು ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ.

ನೋಂದಣಿಯಾದರೆ ಹೊಣೆಯೂ ಬಂತು. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಬೇಕು. ಸಭೆಯಾದ 14 ದಿನಗಳೊಳಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಆದ್ದರಿಂದ ಒಂದು ವರ್ಷ ಕಾಲೇಜಿನ ಮಾನ್ಯತೆಯಲ್ಲೇ ನಡೆಸಿ, ಕೆಲಸ ಕೈಹತ್ತಿದ ಮೇಲೆ ನೋಂದಣಿಗೆ ಹೋಗಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೈಲಾದಲ್ಲಿ ಇದೊಂದನ್ನು ಬಿಡಬೇಡಿ

ಅಧ್ಯಕ್ಷರು ಅಂತಿಮ ವರ್ಷದವರಾದರೆ ಕಾರ್ಯದರ್ಶಿ ದ್ವಿತೀಯ ವರ್ಷದವರಿರಲಿ, ಸಹ ಕಾರ್ಯದರ್ಶಿ ಪ್ರಥಮ ವರ್ಷದವರಿರಲಿ. ಮೂರೂ ಹುದ್ದೆ ಒಂದೇ ತರಗತಿಗೆ ಹೋದರೆ ಮೂವರೂ ಒಟ್ಟಿಗೆ ಕಾಲೇಜು ಬಿಡುತ್ತಾರೆ. ಬೇರೆ ಬೇರೆ ತಾಲ್ಲೂಕಿನವರು, ಹುಡುಗಿಯರು ಸಮಿತಿಯಲ್ಲಿರುವಂತೆಯೂ ನಿಯಮದಲ್ಲೇ ಬರೆಯಿರಿ.

ಹಣ, ನಡಾವಳಿ

ಜಗಳ ಹುಟ್ಟುವುದು ಇಲ್ಲೇ. ಸದಸ್ಯತ್ವದ ಐವತ್ತು ರೂಪಾಯಿಯನ್ನೂ ಯಾರದ್ದೋ ಸ್ವಂತ ಫೋನ್‌ಪೇಗೆ ಹಾಕಿಸಬೇಡಿ. ನೋಂದಾಯಿತ ಸಂಘವಾದರೆ ಸಂಘದ ಹೆಸರಿನಲ್ಲಿ ಖಾತೆ ತೆರೆದು, ಹಣ ತೆಗೆಯಲು ಇಬ್ಬರ ಸಹಿ ಕಡ್ಡಾಯ ಮಾಡಿ; ಮಾನ್ಯತೆ ಮಾತ್ರ ಇದ್ದರೆ ಪ್ರಾಂಶುಪಾಲರನ್ನು ಕೇಳಿ ಕಾಲೇಜಿನ ಖಾತೆಯ ಮೂಲಕವೇ ನಡೆಸಿ. ಬಂದ ಹಣಕ್ಕೆ ರಸೀದಿ, ಹೋದ ಹಣಕ್ಕೆ ವೋಚರ್. ಶಾಮಿಯಾನ, ಫ್ಲೆಕ್ಸ್, ತಿಂಡಿ ಯಾವುದಕ್ಕಾದರೂ ಸರಿ. ಸಭೆಯ ನಿರ್ಣಯಗಳನ್ನು ಪುಟಸಂಖ್ಯೆ ಹಾಕಿದ ನಡಾವಳಿ ಪುಸ್ತಕದಲ್ಲಿ ಅಂದೇ ಬರೆದು, ಹಾಜರಿದ್ದವರ ಸಹಿ ಪಡೆಯಿರಿ. ವಾಟ್ಸ್ಆ್ಯಪ್ ಗುಂಪಿನ ಮಾತು ನಡಾವಳಿಯಾಗುವುದಿಲ್ಲ.

ಸಭೆಯ ಹೊತ್ತು

ನಮ್ಮ ಕಾಲೇಜುಗಳಿಗೆ ಬರುವವರಲ್ಲಿ ಬಹಳಷ್ಟು ಮಂದಿ ಹಳ್ಳಿಗಳಿಂದ ಬಸ್ಸಿನಲ್ಲಿ ಓಡಾಡುವವರು. ಸಂಜೆ ಐದಕ್ಕೆ ಸಭೆ ಕರೆದರೆ ಉಳಿಯುವುದು ಪಟ್ಟಣದವರು, ಹಾಸ್ಟೆಲಿನವರು ಮಾತ್ರ. ಆಮೇಲೆ ಸಂಘವೂ ಅವರದ್ದೇ ಆಗಿಬಿಡುತ್ತದೆ. ಊಟದ ಬಿಡುವಿನಲ್ಲಿ ಮುಕ್ಕಾಲು ಗಂಟೆ ಸೇರಿ. ವಿಷಯಪಟ್ಟಿಯನ್ನು ಹಿಂದಿನ ದಿನವೇ ನೋಟಿಸ್ ಬೋರ್ಡಿಗೆ ಹಾಕಿ.

ಹೊರಗಿನ ಕಾರ್ಯಕ್ರಮ

ಇತಿಹಾಸ ಸಂಘಕ್ಕೆ ಚಂದ್ರವಳ್ಳಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಜಾಗ ಅದು. ಆದರೆ ಚಿತ್ರದುರ್ಗದ ಕೋಟೆಯೊಳಗೆ ವೇದಿಕೆ, ಧ್ವನಿವರ್ಧಕ ಹಾಕುವ ಕಾರ್ಯಕ್ರಮಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುವುದಾದರೆ ಅಧ್ಯಾಪಕರು ಜೊತೆಗಿರಲಿ, ಪೋಷಕರ ಒಪ್ಪಿಗೆ ಪತ್ರ ಕೈಯಲ್ಲಿರಲಿ, ಯಾರೂ ನೀರಿಗಿಳಿಯದಿರಲಿ.

ಹಸ್ತಾಂತರ

ಅಂತಿಮ ಸೆಮಿಸ್ಟರ್ ಪರೀಕ್ಷೆಗೆ ಒಂದು ತಿಂಗಳು ಮೊದಲೇ ಹೊಸ ಸಮಿತಿಯನ್ನು ಆರಿಸಿ. ನಡಾವಳಿ, ರಸೀದಿ ಪುಸ್ತಕ, ಪಾಸ್‌ಬುಕ್, ಮೊಹರು, ಬೀರುವಿನ ಕೀಲಿ, ಇಮೇಲ್ ಪಾಸ್‌ವರ್ಡ್ ಎಲ್ಲವನ್ನೂ ಪಟ್ಟಿ ಮಾಡಿ, ಸಲಹೆಗಾರರ ಎದುರು ಎರಡೂ ಕಡೆಯವರು ಸಹಿ ಹಾಕಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಹೊಸ ಸಮಿತಿಯ ನಿರ್ಣಯದ ಪ್ರತಿ ಬೇಕಾಗುತ್ತದೆ. ಹಳೆಯ ಪದಾಧಿಕಾರಿಗಳು ಊರಿಗೆ ಹೊರಡುವ ಮುನ್ನ ಆ ಕೆಲಸ ಮುಗಿಸಿಕೊಳ್ಳಿ.