ಮಗುವಿಗೆ ನೀನೇನಾಗಬೇಕು?

ಬೇಸಗೆಯ ರಜೆಯಲ್ಲಿ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸಗಳಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುವುದಕ್ಕಿಂತ ಶ್ರೇಷ್ಠವಾದುದು ಮತ್ತೊಂದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. 'ನಮ್ಮ ಮನೆತನದ ಹುಡುಗಿ ಕಂಡವರ ಮನೆಗೆ ಆಯಾ ಆಗಿ ಹೋಗುವುದೆ?' ಎಂದು ಊಟದ ಎಲೆಯ ಮುಂದೆಯೇ ನನ್ನನ್ನು ಗದರಿಸಿದ ದೊಡ್ಡಪ್ಪನವರಿಗೂ ಈ ಲೇಖನವು ಉತ್ತರವಾಗಲೆಂದು ಬರೆಯುತ್ತಿದ್ದೇನೆ.

2019ರ ಬೇಸಗೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು ಮನೆಯಲ್ಲಿ ಕುಳಿತಿದ್ದ ನನ್ನನ್ನು ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಹಿಂದಿನ ಬೀದಿಯ ದಂಪತಿಗಳು ತಮ್ಮ ಮಕ್ಕಳಿಗಾಗಿ ಕರೆದರು. ಇಬ್ಬರಿಗೂ ನಂಜನಗೂಡಿನಲ್ಲಿ ಉದ್ಯೋಗ, ಮನೆಯಿಂದ 20 ಕಿಲೋಮೀಟರಿಗೂ ಮಿಕ್ಕ ದೂರ. ಮಕ್ಕಳ ಅಜ್ಜಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. 50 ಮಂದಿ ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುವಿಹಾರದ ವ್ಯವಸ್ಥೆ ಮಾಡತಕ್ಕದ್ದೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿಯಾಗಿತ್ತಷ್ಟೆ. ಹತ್ತು ಹನ್ನೆರಡು ಜನ ಕೂರುವ ಬ್ಯಾಂಕಿನ ಶಾಖೆಯೊಂದರ ಗುಮಾಸ್ತೆಗೆ ಅದರಿಂದ ಬಂದ ಪ್ರಯೋಜನವಾದರೂ ಏನು? ಇಂತಹ ತಾಯಂದಿರಿಗೆ ನೆರೆಹೊರೆಯೇ ಗತಿ.

ಹಿರಿಯವಳಿಗೆ ಐದು ವರ್ಷ, ಕಿರಿಯವನಿಗೆ ಒಂದೂವರೆ. ತಮ್ಮನು ಮಲಗಿದ ಮೇಲೆ ಅಕ್ಕನೊಡನೆ ಅಳಿಗುಳಿ ಮಣೆ ಆಡುವುದು ನಮ್ಮ ಮಧ್ಯಾಹ್ನದ ನಿತ್ಯಕರ್ಮವಾಗಿತ್ತು. ಹದಿನಾಲ್ಕು ಕುಳಿ, ಕುಳಿಗೆ ಐದರಂತೆ 70 ಹುಣಸೆ ಬೀಜ. ಆಟ ಮುಗಿದೊಡನೆ ಬೀಜಗಳನ್ನು ಎಣಿಸಿಯೇ ಡಬ್ಬಕ್ಕೆ ಹಾಕಬೇಕೆಂಬುದು ನಾನು ಮಾಡಿದ ಕಟ್ಟಳೆ. ಏಕೆಂದರೆ ಎಣಿಕೆಗೆ ಸಿಕ್ಕದ ಒಂದು ಬೀಜವು ಅಂಬೆಗಾಲಿನ ಗುಂಗು ಇನ್ನೂ ಬಿಡದ ಮಗುವಿನ ಬಾಯಿಗೆ, ಅಲ್ಲಿಂದ ಶ್ವಾಸನಾಳಕ್ಕೆ ಹೋಗಲು ಕ್ಷಣ ಸಾಕು. ಹೀಗೆ ಎಣಿಸುತ್ತ ಎಣಿಸುತ್ತ ಆ ಹುಡುಗಿ ಕೂಡಿಸುವುದನ್ನೂ ಕಳೆಯುವುದನ್ನೂ ತಾನಾಗಿಯೇ ಕಲಿತಳು. ಒಂದು ದಿನ 'ಅಕ್ಕಾ, ಎರಡು ಕಡಮೆ ಇದೆ, ಚಾಪೆ ಎತ್ತು' ಎಂದು ಅವಳೇ ನನಗೆ ಆಜ್ಞಾಪಿಸಿದಾಗ ನನಗಾದ ಹಿಗ್ಗನ್ನು ಪಿಯುಸಿಯ ಯಾವ ಅಂಕವೂ ಕೊಟ್ಟಿರಲಿಲ್ಲ.

ಮತ್ತೊಂದು ಮಧ್ಯಾಹ್ನ. ಅಂದೂ ಮಣೆ ಹರಡಿಯೇ ಇತ್ತು. ಬೆಳಗಿನಿಂದ ಸ್ವಲ್ಪ ನೆಗಡಿಯಿದ್ದ ಮಗು ನನ್ನ ಮಡಿಲಲ್ಲಿ ಮಲಗಿದ್ದಂತೆಯೇ ಮೈ ಕೆಂಡವಾಯಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಸೆಟೆದು ಅದುರತೊಡಗಿದವು. ತುಟಿಯು ನೇರಳೆ ಬಣ್ಣಕ್ಕೆ ತಿರುಗಿ ಕಟಬಾಯಿಯಲ್ಲಿ ನೊರೆ ಕಾಣಿಸಿತು. ಹಿರಿಯವಳ ಚೀತ್ಕಾರಕ್ಕೆ ಪಕ್ಕದ ಮನೆಯಾಕೆ ಬೀಗದ ಕೈ ಗೊಂಚಲನ್ನೂ ಚಮಚವನ್ನೂ ಹಿಡಿದು ಓಡಿಬಂದು, 'ಬಾಲಗ್ರಹ ಕಣೇ! ಕೈಗೆ ಕಬ್ಬಿಣ ಹಿಡಿಸು, ಹಲ್ಲು ಕಚ್ಚದ ಹಾಗೆ ಇದನ್ನ ಬಾಯಿಗಿಡು' ಎಂದು ಮಗುವಿನ ದವಡೆಗೆ ಕೈ ಹಾಕಿದರು. ನಾನು ಆ ಕೈಯನ್ನು ತಳ್ಳಿದೆ. ಹಿರಿಯರ ಕೈ ತಳ್ಳಿದ ಹುಡುಗಿಯೆಂದು ಬೀದಿಯಲ್ಲಿ ಇಂದಿಗೂ ಮಾತಿದೆ, ಇರಲಿ. ಗೈಡ್ಸ್ ದಳದ ಪ್ರಥಮ ಚಿಕಿತ್ಸಾ ಶಿಬಿರದಲ್ಲಿ ಕಲಿತದ್ದು ನನಗೆ ಅಕ್ಷರಶಃ ನೆನಪಿತ್ತು. ಮಗುವನ್ನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿದೆ, ಕೊರಳ ಗುಂಡಿ ಬಿಚ್ಚಿದೆ, ಬಾಯಿಗೆ ನೀರನ್ನಾಗಲಿ ಬೆರಳನ್ನಾಗಲಿ ಸೋಕಿಸಗೊಡದೆ ಗೋಡೆಯ ಗಡಿಯಾರವನ್ನು ನೋಡುತ್ತ ಕುಳಿತೆ. ಸೆಕೆಂಡಿನ ಮುಳ್ಳು ಅಷ್ಟು ನಿಧಾನವಾಗಿ ಚಲಿಸಬಲ್ಲುದೆಂದು ಅದುವರೆಗೆ ನಾನರಿಯೆ. ಮೂರು ನಿಮಿಷ ತುಂಬುವ ಮೊದಲೇ ಅದುರು ನಿಂತು, ಮಗು ದೀರ್ಘವಾಗಿ ಉಸಿರೆಳೆದು, ಕ್ಷೀಣವಾಗಿ ಅತ್ತಿತು.

ಇದು ಜ್ವರದ ಸೆಳವು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುವಂಥದು, ಬಹುಪಾಲು ತಾನಾಗಿಯೇ ನಿಲ್ಲುವಂಥದು. ಐದು ನಿಮಿಷ ಮೀರಿದರೆ ಮಾತ್ರ ಒಂದು ಕ್ಷಣವನ್ನೂ ಕಳೆಯದೆ 108ಕ್ಕೆ ಕರೆ ಮಾಡತಕ್ಕದ್ದು. ನಿಂತರೂ ಮೊದಲ ಸಲವಾದರೆ ವೈದ್ಯರಿಗೆ ತೋರಿಸಲೇಬೇಕು. ಹಿರಿಯವಳನ್ನು ನಮ್ಮಮ್ಮನಿಗೆ ಒಪ್ಪಿಸಿ, ಮಗುವಿನ ತಾಯಿಗೆ ದೂರವಾಣಿಯಲ್ಲಿ ತಿಳಿಸಿ, ಆಟೋ ಹತ್ತಿದೆ.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಮಹಾಶಯನಾದರೋ ಮಗುವಿನ ಮುಖವನ್ನು ನೋಡಲಿಲ್ಲ. 'ಮಗುವಿಗೆ ನೀನೇನಾಗಬೇಕಮ್ಮ?' ಎಂದ. 'ನೋಡಿಕೊಳ್ಳುವವಳು' ಎಂದೆ. 'ಹಾಗಂತ ಬರೆಯೋಕೆ ಆಗಲ್ಲ, ತಾಯಿ ಬರಲಿ' ಎಂದ. ತಾಯಿಯೇ ಮಾತನಾಡುತ್ತಿದ್ದ ಫೋನನ್ನು ಚಾಚಿದರೆ ಮುಟ್ಟಲಿಲ್ಲ. ಜೀವ ಉಳಿಸುವ ಕರ್ತವ್ಯಕ್ಕೆ ವಿಧಿವಿಧಾನಗಳು ಅಡ್ಡಿಯಾಗಕೂಡದೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲಿಯೇ ಸಾರಿದೆಯೆಂಬುದು ನನಗೆ ತಿಳಿದುದು ಅನಂತರ. ತಿಳಿದಿದ್ದರೆ ಆ ಕೌಂಟರಿನ ಮುಂದೆಯೇ ಗಟ್ಟಿಯಾಗಿ ಹೇಳುತ್ತಿದ್ದೆ. ಕೊನೆಗೆ ಹಿರಿಯ ನರ್ಸೊಬ್ಬರು ಒಳಗಿನಿಂದ ಬಂದು, 'ತೂಕ ಎಷ್ಟು? ಎಷ್ಟು ಹೊತ್ತು ಬಂತು?' ಎಂದಷ್ಟೇ ಕೇಳಿ ಮಗುವನ್ನೆತ್ತಿಕೊಂಡರು. ಎರಡಕ್ಕೂ ನನ್ನಲ್ಲಿ ಉತ್ತರವಿತ್ತು. 'ಸರಿಯಾಗಿ ನೋಡಿದ್ದೀಯ' ಎಂದರು. ಆ ಬೇಸಗೆಯ ಸಂಬಳದಿಂದ ನನ್ನ ಪದವಿ ತರಗತಿಯ ಪ್ರವೇಶ ಶುಲ್ಕ ಸಂದಿತು, ನಿಜ. ಆದರೆ ನನ್ನ ವಿವೇಚನೆಯನ್ನು ನಾನೇ ನಂಬಬಹುದೆಂಬ ಧೈರ್ಯ ಬಂದದ್ದು ಆ ಮಾತಿನಿಂದ.

ಈ ಕೆಲಸಕ್ಕೆ ಹೊರಡುವವರು ಸಂಬಳವನ್ನು ಮೊದಲೇ ಮಾತನಾಡಿಕೊಳ್ಳಿ, ಪ್ರಥಮ ಚಿಕಿತ್ಸೆಯನ್ನು ಕಲಿಯಿರಿ. ಮಿಗಿಲಾಗಿ, ತುರ್ತು ಸಂದರ್ಭದಲ್ಲಿ ಮಗುವನ್ನು ಆಸ್ಪತ್ರೆಗೆ ಸೇರಿಸಲು ನಿಮಗೆ ಅಧಿಕಾರವಿದೆಯೆಂದು ತಂದೆತಾಯಿಗಳಿಬ್ಬರೂ ಸಹಿ ಮಾಡಿದ ಪತ್ರವೊಂದನ್ನು ಮೊದಲ ದಿನವೇ ಕೇಳಿ ಪಡೆಯಿರಿ. ಔಷಧದ ಪ್ರಮಾಣ ನಿರ್ಧಾರವಾಗುವುದು ತೂಕದಿಂದಲಾದ್ದರಿಂದ ಮಗುವಿನ ತೂಕವನ್ನೂ, ಒಗ್ಗದ ಔಷಧವಿದ್ದರೆ ಅದರ ಹೆಸರನ್ನೂ ಅದರಲ್ಲಿ ಬರೆಸಿ, ತಾಯಿ ಕಾರ್ಡಿನ ಜೆರಾಕ್ಸ್ ಪ್ರತಿಯೊಡನೆ ಚೀಲದಲ್ಲಿಟ್ಟುಕೊಳ್ಳಿ.