ಕಿವಿಯೊಳಗಿನ ಚಿತ್ರ: ಎರಡು ಸ್ಕ್ಯಾನ್ ಏಕೆ?

ಹುಟ್ಟಿದ ಮಗುವಿನ ಕಿವಿಯಲ್ಲಿ ಅಜಾನ್ ಹೇಳುತ್ತೇವೆ. ಆ ಕಿವಿಗೆ ಏನೂ ಕೇಳುತ್ತಿಲ್ಲವೆಂದು ಎಷ್ಟೋ ಮನೆಗಳಲ್ಲಿ ತಿಳಿಯುವುದು ಮಗುವಿಗೆ ಎರಡು ವರ್ಷವಾದ ಮೇಲೆ. ಹಿಯರಿಂಗ್ ಏಡ್ ಸಾಲದಿದ್ದರೆ ವೈದ್ಯರು ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಸೂಚಿಸುತ್ತಾರೆ. ಅದಕ್ಕೆ ಮೊದಲು ಸಿ.ಟಿ. ಮತ್ತು ಎಂ.ಆರ್.ಐ. ಎರಡನ್ನೂ ಬರೆದುಕೊಡುವುದುಂಟು. "ಎರಡನೆಯದು ಹಣಕ್ಕಾಗಿ ತಾನೇ ಹಕೀಮ್ ಸಾಹೇಬರೇ?" ಎಂದು ಹುಮನಾಬಾದಿನಲ್ಲಿ ನನ್ನನ್ನು ಕೇಳುವವರಿದ್ದಾರೆ. ಹಾಗಲ್ಲ.

ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿದೆ. ಇಂಪ್ಲಾಂಟಿನ ತೆಳು ತಂತಿ ಅದರೊಳಗೆ ಹೋಗಿ ಶ್ರವಣ ನರವನ್ನು ಪ್ರಚೋದಿಸಬೇಕು. ಸಿ.ಟಿ. ಎಲುಬನ್ನು ತೋರಿಸುತ್ತದೆ: ಸುತ್ತುಗಳು ಪೂರ್ಣವಾಗಿವೆಯೇ, ಮುಖದ ನರ ಎಲ್ಲಿ ಹಾದುಹೋಗಿದೆ ಎಂದು. ಸುತ್ತುಗಳೊಳಗಿನ ದ್ರವವನ್ನೂ ನರವನ್ನೂ ಚೆನ್ನಾಗಿ ತೋರಿಸುವುದು ಎಂ.ಆರ್.ಐ. ಗೋಡೆಯೊಳಗೆ ಪೈಪ್ ಇದೆ, ಆದರೆ ಅದರಲ್ಲಿ ವೈರೇ ಇಲ್ಲದಿದ್ದರೆ ದೀಪ ಉರಿಯುವುದೇ?

1791ರಲ್ಲಿ ಇಟಲಿಯ ಕಾರ್ಲೋ ಮೊಂಡಿನಿ, ತೀರಿಕೊಂಡ ಒಬ್ಬ ಕಿವುಡ ಬಾಲಕನ ಕಿವಿಯನ್ನು ಬಿಡಿಸಿ ನೋಡಿ, ಒಂದೂವರೆ ಸುತ್ತು ಮಾತ್ರ ಇದೆಯೆಂದು ಬರೆದರು. ಇಂದು ಅದು ಜೀವಂತ ಮಗುವಿನಲ್ಲೇ ಕಾಣುತ್ತದೆ. ಅಂಥ ಕಿವಿಯಲ್ಲೂ ಇಂಪ್ಲಾಂಟ್ ಹಾಕುತ್ತಾರೆ, ಆದರೆ ಮೆದುಳಿನ ದ್ರವ ಚಿಮ್ಮುವ ಅಪಾಯವಿರುವುದರಿಂದ ಸರ್ಜನ್ ಮೊದಲೇ ಸಿದ್ಧರಾಗಿರಬೇಕು. ಕಾಕ್ಲಿಯಾವೇ ಇಲ್ಲದಿದ್ದರೆ ಆ ಕಿವಿಗೆ ಇಂಪ್ಲಾಂಟ್ ಆಗದು.

ಹುಟ್ಟುಕಿವುಡು ಮಕ್ಕಳಲ್ಲಿ ಹೆಚ್ಚಿನವರ ಚಿತ್ರ ನಾರ್ಮಲ್ ಆಗಿಯೇ ಬರುತ್ತದೆ. ಇದನ್ನು ಕೇಳಿ ಕೆಲವರು ಮಗು ಸರಿಯಿದೆಯೆಂದು ಮನೆಗೆ ಮರಳುತ್ತಾರೆ! ದೋಷ ಇರುವುದು ಸ್ಕ್ಯಾನಿಗೆ ಕಾಣದಷ್ಟು ಸೂಕ್ಷ್ಮ ಕೋಶಗಳಲ್ಲಿ. ಹತ್ತಿರದ ಸಂಬಂಧದ ಮದುವೆಗಳಲ್ಲಿ ಕಾಣುವ ವಂಶಪಾರಂಪರ್ಯ ಕಿವುಡುತನ ಬಹುಮಟ್ಟಿಗೆ ಈ ಬಗೆಯದು. ಯುನಾನಿ ಓದಿದವನಾಗಿಯೇ ಹೇಳುತ್ತೇನೆ, ಯಾವ ರೋಗನ್ ಕೂಡ ಅಲ್ಲಿಗೆ ತಲುಪುವುದಿಲ್ಲ. ಕಿವಿಗೆ ಎಣ್ಣೆ ಬಿಡುತ್ತ ತಿಂಗಳು ಕಳೆಯಬೇಡಿ.

ಮೆದುಳು ಜ್ವರದ (ಮೆನಿಂಜೈಟಿಸ್) ನಂತರ ಕಿವುಡಾದ ಮಗುವಿಗೆ ಒಂದು ವಾರವೂ ಅಮೂಲ್ಯ. ಕೆಲವೇ ವಾರಗಳಲ್ಲಿ ಕಾಕ್ಲಿಯಾದೊಳಗೆ ಎಲುಬು ಬೆಳೆದು ತಂತಿಯ ದಾರಿ ಮುಚ್ಚಬಹುದು.

ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ. ಆದರೆ ಮಗು ಅಲುಗಾಡಬಾರದು, ಹಾಗಾಗಿ ನಿದ್ರೆಯ ಔಷಧ ಕೊಡುತ್ತಾರೆ. ಹೇಳಿದಷ್ಟು ಹೊತ್ತು ಉಪವಾಸ ಇರಿಸಿ. ಅಳುತ್ತಿದೆಯೆಂದು ಅಜ್ಜಿ ಮರೆಯಲ್ಲಿ ಹಾಲು ಕುಡಿಸಿದರೆ, ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಐದು ವರ್ಷದೊಳಗಿನ ಮಕ್ಕಳ ಇಂಪ್ಲಾಂಟಿಗೆ ಕೇಂದ್ರದ ಎಡಿಐಪಿ ಯೋಜನೆಯ ನೆರವಿದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು. ಎಲ್ಲಿಗೇ ಹೋದರೂ ವರದಿಯ ಹಾಳೆಯಷ್ಟೇ ಸಾಲದು, ಫಿಲ್ಮ್ ಮತ್ತು ಸಿ.ಡಿ. ಎರಡನ್ನೂ ಜೊತೆಗಿಟ್ಟುಕೊಳ್ಳಿ. ಸರ್ಜನ್ ಚಿತ್ರವನ್ನು ತಾವೇ ನೋಡಬೇಕಾಗುತ್ತದೆ.