ಪ್ಯಾಕೆಟ್ ರೇಡಿಯೋ: ಹಳೆಯ ನಿಯಂತ್ರಕವೊಂದನ್ನು ಅಣಿಗೊಳಿಸುವ ಬಗೆ

ರೇಡಿಯೋ ಮೂಲಕ ಮಾತನ್ನು ಕಳುಹಿಸುವಾಗ ನಡುವೆ ಸ್ವಲ್ಪ ಕರಕರ ಶಬ್ದ ಬೆರೆತರೂ ನಮ್ಮ ಕಿವಿ ಅದನ್ನು ಸರಿಪಡಿಸಿಕೊಳ್ಳುತ್ತದೆ. ಬೆರಳಚ್ಚಿನ ಅಕ್ಷರಗಳನ್ನು ಕಳುಹಿಸುವಾಗ ಈ ಔದಾರ್ಯಕ್ಕೆ ಎಡೆಯಿಲ್ಲ. ಒಂದು ಅಂಕೆ ತಪ್ಪಿದರೆ ನೂರು ರೂಪಾಯಿ ಒಂಬೈನೂರಾದೀತು. ಈ ತೊಡಕಿಗೆ ಹವ್ಯಾಸಿಗಳು ಕಂಡುಕೊಂಡ ಪರಿಹಾರವೇ ಪ್ಯಾಕೆಟ್ ರೇಡಿಯೋ. ಸಂದೇಶವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದರ ಮೇಲೂ ವಿಳಾಸ ಬರೆದು, ಕೊನೆಯಲ್ಲಿ ತಾಳೆ ನೋಡುವುದಕ್ಕೆ ಒಂದು ಶೋಧಕ ಸಂಖ್ಯೆಯನ್ನು ಸೇರಿಸಿ ಕಳುಹಿಸುವುದೇ ಅದರ ಕ್ರಮ. ಪಡೆದವನು ತಾಳೆ ನೋಡಿ, ಸರಿಯಿದ್ದರೆ ರಸೀತಿ ಕಳುಹಿಸುತ್ತಾನೆ. ರಸೀತಿ ಬಾರದಿದ್ದರೆ ಪೊಟ್ಟಣವನ್ನು ಮತ್ತೆ ಕಳುಹಿಸಲಾಗುತ್ತದೆ.

೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ದ್ವೀಪಗಳ ನಡುವೆ ಹೀಗೆ ಸಂಪರ್ಕವೇರ್ಪಡಿಸಿದರು. ೧೯೭೮ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಹವ್ಯಾಸಿಗಳು ಇದನ್ನು ಕೈಗೆತ್ತಿಕೊಂಡರು. ಅಮೆರಿಕದ ಟೂಸಾನ್ ನಗರದ ಹವ್ಯಾಸಿಗಳ ಸಂಘವು ೧೯೮೫ರಲ್ಲಿ ರೂಪಿಸಿದ ಟಿ.ಎನ್.ಸಿ.-೨ ಎಂಬ ನಿಯಂತ್ರಕವನ್ನು ಹಲವು ತಯಾರಕರು ಅನುಕರಿಸಿದರು. ಅಂಥ ಪೆಟ್ಟಿಗೆಗಳು ಈಗ ಕೈಬದಲಾಗುತ್ತ ಅಗ್ಗದ ಬೆಲೆಗೆ ಸಿಗುತ್ತವೆ. ಇಂದು ಅದೇ ಕೆಲಸವನ್ನು ಕಂಪ್ಯೂಟರಿನ ಧ್ವನಿಭಾಗವೂ ಒಂದು ತಂತ್ರಾಂಶವೂ ಸೇರಿ ಇನ್ನೂ ಚೆನ್ನಾಗಿ ಮಾಡಬಲ್ಲವೆಂಬುದು ನಿಜ. ಆದರೆ ಕಲಿಯುವವನಿಗೆ ದೀಪಗಳೂ ತಿರುಪುಗಳೂ ಇರುವ ಪೆಟ್ಟಿಗೆಯೇ ಮೇಲೆಂದು ನಮ್ಮ ಅಭಿಪ್ರಾಯ. ನಮ್ಮ ಕೈಗೆ ಬಂದುದು ಅಂಥದೇ ಒಂದು. ಮಾರಿದವರು ಅದು “ಸತ್ತುಹೋಗಿದೆ” ಎಂದೇ ಹೇಳಿ ಕೊಟ್ಟಿದ್ದರು.

ಈ ಪೆಟ್ಟಿಗೆಗೆ ಎರಡು ಮುಖಗಳಿವೆ: ಒಂದು ಕಂಪ್ಯೂಟರಿನ ಕಡೆಗೆ, ಇನ್ನೊಂದು ರೇಡಿಯೋ ಕಡೆಗೆ. ದೋಷ ಯಾವ ಮುಖದಲ್ಲಿದೆ ಎಂಬುದನ್ನು ಗೊತ್ತುಮಾಡದೆ ಎರಡನ್ನೂ ಒಟ್ಟಿಗೆ ಕೆದಕುವವನು ಎಂದಿಗೂ ದಡ ಸೇರಲಾರ. ಆದುದರಿಂದ ಮೊದಲು ರೇಡಿಯೋವನ್ನು ಕಳಚಿಟ್ಟು, ೧೨ ವೋಲ್ಟಿನ ವಿದ್ಯುತ್ತನ್ನು ಧನ ಋಣ ತಪ್ಪದಂತೆ ಕೊಟ್ಟು, ಕಂಪ್ಯೂಟರಿಗೆ ಮಾತ್ರ ಜೋಡಿಸಿದೆವು. ಈಗಿನ ಕಂಪ್ಯೂಟರುಗಳಲ್ಲಿ ಹಳೆಯ ಸೀರಿಯಲ್ ದ್ವಾರವಿಲ್ಲದಿರುವುದರಿಂದ ಯು.ಎಸ್.ಬಿ. ಪರಿವರ್ತಕ ತಂತಿ ಬೇಕಾಗುತ್ತದೆ. ವೇಗವು ಪೆಟ್ಟಿಗೆಯ ಹಿಂಬದಿಯ ಸಣ್ಣ ಗುಂಡಿಗಳಲ್ಲಿ ಗೊತ್ತುಮಾಡಿದುದಕ್ಕೆ ಸರಿಯಾಗಿರಬೇಕು.

ಗುಂಡಿಯೊತ್ತಿದೊಡನೆ ತೆರೆಯ ಮೇಲೆ ಅಕ್ಷರಗಳು ಬಂದುವು, ಆದರೆ ಅರ್ಧ ಸರಿ, ಅರ್ಧ ವಿಚಿತ್ರ. ಆಜ್ಞೆಗಾಗಿ ಕಾದಿದ್ದೇನೆಂದು ತಿಳಿಸಲು ಪೆಟ್ಟಿಗೆಯು ಸಿ, ಎಂ, ಡಿ ಎಂಬ ಮೂರು ಸಣ್ಣ ಇಂಗ್ಲಿಷ್ ಅಕ್ಷರಗಳನ್ನೂ ಒಂದು ವಿವರಣ ಚಿಹ್ನೆಯನ್ನೂ ತೋರಿಸಬೇಕು. ನಮಗೆ ಕಂಡುದು ಮೊದಲನೆಯ ‘ಸಿ’ ಮತ್ತು ಕೊನೆಯ ಚಿಹ್ನೆ ಮಾತ್ರ. ನಡುವಣ ಎರಡು ಅಕ್ಷರಗಳ ಸ್ಥಾನದಲ್ಲಿ ಗುರುತಿಲ್ಲದ ಆಕಾರಗಳಿದ್ದುವು. ವೇಗವೇ ತಪ್ಪಿದ್ದರೆ ಎಲ್ಲವೂ ಕೆಡಬೇಕಾಗಿತ್ತು. ಹಾಗಾದರೆ ಎರಡು ಮಾತ್ರ ಏಕೆ ಉಳಿದುವು?

ವಾಚಕರು ಕಾಗದ ತೆಗೆದುಕೊಂಡು ಈ ಅಕ್ಷರಗಳ ಏಳು ಅಂಕಗಳ ದ್ವಿಮಾನ ರೂಪವನ್ನು ಬರೆಯಲಿ. ಸಿ ಎಂಬುದು ೧೧೦೦೦೧೧. ಇದರಲ್ಲಿ ನಾಲ್ಕು ಒಂದುಗಳಿವೆ. ಎಂ ಎಂಬುದು ೧೧೦೧೧೦೧, ಐದು ಒಂದುಗಳು. ಡಿ ಎಂಬುದು ೧೧೦೦೧೦೦, ಮೂರು. ಕೊನೆಯ ಚಿಹ್ನೆ ೦೧೧೧೦೧೦, ನಾಲ್ಕು. ಸಮಸಂಖ್ಯೆಯ ಒಂದುಗಳಿದ್ದವು ಉಳಿದುವು, ವಿಷಮಸಂಖ್ಯೆಯವು ಕೆಟ್ಟುವು! ಪೆಟ್ಟಿಗೆಯು ಏಳು ಅಂಕಗಳ ಮುಂದೆ ಎಂಟನೆಯದೊಂದನ್ನು ಸೇರಿಸಿ, ಒಂದುಗಳ ಒಟ್ಟು ಸಂಖ್ಯೆಯನ್ನು ಯಾವಾಗಲೂ ಸಮವಾಗಿಸುತ್ತಿತ್ತು. ಇದಕ್ಕೆ ಸಮ ಪ್ಯಾರಿಟಿ ಎಂದು ಹೆಸರು. ನಮ್ಮ ಕಂಪ್ಯೂಟರು ಆ ಎಂಟನೆಯ ಅಂಕವನ್ನೂ ಅಕ್ಷರದ ಭಾಗವೆಂದೇ ತಿಳಿದಿತ್ತು. ಕಂಪ್ಯೂಟರನ್ನು ಏಳು ಅಂಕ, ಸಮ ಪ್ಯಾರಿಟಿಗೆ ಹೊಂದಿಸಿದೊಡನೆ ಅಕ್ಷರಗಳು ಶುದ್ಧವಾದುವು. ಸತ್ತಿತ್ತೆಂದ ಪೆಟ್ಟಿಗೆ ಬದುಕಿಯೇ ಇತ್ತು.

ಇನ್ನು ಎರಡನೆಯ ಮುಖ. ಪೆಟ್ಟಿಗೆಯು ಅಂಕಗಳನ್ನು ಎರಡು ಸ್ವರಗಳಾಗಿ ಮಾರ್ಪಡಿಸುತ್ತದೆ: ಸೆಕೆಂಡಿಗೆ ೧೨೦೦ ಕಂಪನಗಳದೊಂದು, ೨೨೦೦ ಕಂಪನಗಳದೊಂದು. ಸೆಕೆಂಡಿಗೆ ೧೨೦೦ ಅಂಕಗಳು ಹೋಗುತ್ತವೆ. ಯಾವ ಸ್ವರ ಯಾವ ಅಂಕ ಎಂಬ ಕಟ್ಟುಪಾಡಿಲ್ಲ. ಸ್ವರ ಬದಲಾದರೆ ಸೊನ್ನೆ, ಬದಲಾಗದಿದ್ದರೆ ಒಂದು. ಬರೀ ಒಂದುಗಳೇ ಸಾಲಾಗಿ ಬಂದರೆ ಸ್ವರ ಬದಲಾಗದೆ, ಪಡೆಯುವವನಿಗೆ ಲೆಕ್ಕ ತಪ್ಪೀತು. ಆದುದರಿಂದ ಐದು ಒಂದುಗಳಾದೊಡನೆ ಪೆಟ್ಟಿಗೆ ತಾನಾಗಿಯೇ ಒಂದು ಸೊನ್ನೆಯನ್ನು ತುರುಕುತ್ತದೆ. ಪಡೆಯುವ ಪೆಟ್ಟಿಗೆ ಅದನ್ನು ತೆಗೆದುಹಾಕುತ್ತದೆ. ೦೧೧೧೧೧೧೦ ಎಂಬ ಆರು ಒಂದುಗಳ ಗುರುತು ಪೊಟ್ಟಣದ ಆದಿ ಅಂತ್ಯಗಳಿಗೇ ಮೀಸಲು.

ಈ ಮುಖದಲ್ಲಿ ಮೊದಲು ಕೇಳತಕ್ಕದ್ದು, ಆಮೇಲೆ ಹೇಳತಕ್ಕದ್ದು. ಗ್ರಾಹಕದ ಧ್ವನಿಯನ್ನು ಪೆಟ್ಟಿಗೆಗೆ ಕೊಟ್ಟು, ಬೇರೊಂದು ಕೇಂದ್ರದ ಪೊಟ್ಟಣ ಬಂದಾಗ ಸಂಕೇತಸೂಚಕ ದೀಪ ಬೆಳಗುವಂತೆ ಧ್ವನಿಯ ಮಟ್ಟವನ್ನು ಹೊಂದಿಸಿದೆವು. ಪ್ರೇಷಣಕ್ಕೆ ಮಾತ್ರ ಕೇಂದ್ರ ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪಡೆದ ಪರವಾನಗಿಯೂ, ‘ವಿ ಯು’ ಎಂದು ಮೊದಲಾಗುವ ಕರೆಸಂಕೇತವೂ ಅಗತ್ಯ. ಆ ಸಂಕೇತವನ್ನು ಪೆಟ್ಟಿಗೆಗೆ ತಿಳಿಸದೆ ಮುಂದುವರಿಯಬಾರದು.

ಇಲ್ಲಿ ನಾವು ಎಡವಿದೆವು. ಐದು ಕಿಲೋಮೀಟರ್ ದೂರದ ಮಿತ್ರರೊಬ್ಬರ ಕೇಂದ್ರವನ್ನು ಕರೆದಾಗ, ಪೆಟ್ಟಿಗೆ ಹತ್ತು ಸಲ ಕೂಗಿ, ರಸೀತಿ ಬಾರದೆ ಸುಮ್ಮನಾಯಿತು. ನಮ್ಮ ಸ್ವರಗಳು ಗಟ್ಟಿಯಾಗಿ ಕೇಳುತ್ತಿವೆ, ಆದರೂ ಒಂದು ಪೊಟ್ಟಣವೂ ಬಿಚ್ಚುತ್ತಿಲ್ಲವೆಂದು ಅವರು ದೂರವಾಣಿಯಲ್ಲಿ ತಿಳಿಸಿದರು. ಆ ಗಟ್ಟಿತನವೇ ದೋಷವಾಗಿತ್ತು. ಗಟ್ಟಿಯಾದಷ್ಟೂ ಒಳ್ಳೆಯದೆಂದು ನಾವು ತಿರುಪನ್ನು ಕೊನೆಯ ತನಕ ತಿರುಗಿಸಿದ್ದೆವು.

ಪ್ರೇಷಕವು ಮೇಲಿನ ಸ್ವರವನ್ನು ಬೇಕೆಂದೇ ಹಿಗ್ಗಿಸಿ ಕಳುಹಿಸುತ್ತದೆ: ೨೨೦೦ನ್ನು ೧೨೦೦ರಿಂದ ಭಾಗಿಸಿದರೆ ಬರುವ ೧.೮೩ರಷ್ಟು. ಗ್ರಾಹಕವು ಅಷ್ಟೇ ಪ್ರಮಾಣದಲ್ಲಿ ಕುಗ್ಗಿಸಿ ಸಮಮಾಡುತ್ತದೆ. ಧ್ವನಿ ಮಿತಿಮೀರಿದರೆ ಪ್ರೇಷಕದ ಮಿತಿಕಾರಿಯು ಎರಡೂ ಸ್ವರಗಳ ನೆತ್ತಿಯನ್ನು ಒಂದೇ ಮಟ್ಟಕ್ಕೆ ಕತ್ತರಿಸುತ್ತದೆ. ಹಿಗ್ಗಿಸಿದ್ದು ವ್ಯರ್ಥವಾಗುತ್ತದೆ, ಕುಗ್ಗಿಸುವುದು ಮಾತ್ರ ಉಳಿಯುತ್ತದೆ. ಮೇಲಿನ ಸ್ವರ ಸೊರಗಿ, ವಿಕಾರಗೊಂಡು ತಲಪುತ್ತದೆ.

ಇದರಿಂದ ಸಾವಿರಕ್ಕೆ ಒಂದು ಅಂಕ ತಪ್ಪಿದರೆ ಏನಾದೀತು? ೧೨೮ ಅಕ್ಷರಗಳ ಪೊಟ್ಟಣಕ್ಕೆ ವಿಳಾಸ, ಶೋಧಕ ಸಂಖ್ಯೆ, ಗುರುತುಗಳೆಲ್ಲ ಸೇರಿ ಇನ್ನು ೨೦ ಕೂಡಿಸಬೇಕು. ೧೪೮ನ್ನು ೮ರಿಂದ ಗುಣಿಸಿದರೆ ೧೧೮೪ ಅಂಕಗಳು. ಎಲ್ಲವೂ ಸರಿಯಾಗಿ ತಲಪುವ ಸಂಭವವನ್ನು ತಿಳಿಯಲು ೦.೯೯೯ನ್ನು ೧೧೮೪ ಸಲ ಬರೆದು ಗುಣಿಸಬೇಕು. ಉತ್ತರ ಸುಮಾರು ೦.೩೧. ಮೂರರಲ್ಲಿ ಒಂದು ಪೊಟ್ಟಣವೂ ಉಳಿಯದು! ಹತ್ತು ಸಾವಿರಕ್ಕೆ ಒಂದು ತಪ್ಪಾದರೆ ಉತ್ತರ ೦.೮೯. ಪೊಟ್ಟಣವನ್ನು ೩೨ ಅಕ್ಷರಗಳಿಗೆ ಕಿರಿದುಮಾಡಿದರೆ, ಸಾವಿರಕ್ಕೊಂದು ತಪ್ಪಿದ್ದರೂ ೦.೬೬ರಷ್ಟು ಸಂಭವವಿದೆ. ಹಾದಿ ಕೆಟ್ಟಿರುವಾಗ ಸಣ್ಣ ಪೊಟ್ಟಣಗಳನ್ನು ಕಳುಹಿಸುವುದು ಇದಕ್ಕಾಗಿಯೇ.

ಪರಿಹಾರ ಸುಲಭವಾಗಿತ್ತು. ಆಂಟೆನಾದ ಬದಲಿಗೆ ೫೦ ಓಮಿನ ಕೃತಕ ಭಾರವನ್ನು ಜೋಡಿಸಿ, ಪೆಟ್ಟಿಗೆಯ ಪರೀಕ್ಷಾ ಸ್ವರವನ್ನು ಹೊರಡಿಸಿ, ಪಕ್ಕದಲ್ಲಿ ಇನ್ನೊಂದು ಗ್ರಾಹಕವನ್ನಿಟ್ಟು ಆಲಿಸಿದೆವು. ತಿರುಪನ್ನು ತೀರ ಕೆಳಗಿನಿಂದ ಮೇಲಕ್ಕೆ ತಿರುಗಿಸುತ್ತ ಹೋದರೆ ಒಂದು ಕಡೆ ಧ್ವನಿ ಹೆಚ್ಚುವುದು ನಿಲ್ಲುತ್ತದೆ. ಅಲ್ಲಿಂದ ಸುಮಾರು ಅರ್ಧದಷ್ಟಕ್ಕೆ ಇಳಿಸಿದೆವು. ಆ ಸಂಜೆ ಮಿತ್ರರ ಕೇಂದ್ರ ಮೊದಲ ಕರೆಗೇ ಓಗೊಟ್ಟಿತು.

ಉಳಿದುದು ಪ್ರೇಷಣವಿಳಂಬ. ಗುಂಡಿ ಒತ್ತಿದೊಡನೆ ಪ್ರೇಷಕ ಪೂರ್ಣಶಕ್ತಿಗೆ ಬರುವುದಿಲ್ಲ. ಅಷ್ಟರ ತನಕ ಪೆಟ್ಟಿಗೆ ಬರಿಯ ಗುರುತುಗಳನ್ನೇ ಹೊರಡಿಸುತ್ತದೆ. ಇದರ ಮಾನ ಸೆಕೆಂಡಿನ ನೂರನೆಯ ಒಂದು ಭಾಗ. ಪೆಟ್ಟಿಗೆ ತಾನಾಗಿ ಇಟ್ಟುಕೊಂಡಿದ್ದ ೩೦ ಎಂಬುದು ೩೬೦ ಅಂಕಗಳ ಕಾಲ, ಎಂದರೆ ೪೫ ಅಕ್ಷರಗಳಷ್ಟು. ನಮ್ಮ ಹಳೆಯ ಪ್ರೇಷಕಕ್ಕೆ ಅದು ಸಾಲದೆ ೪೦ ಇಟ್ಟೆವು. ಮರುದಿನ ನೋಡಿದರೆ ಪೆಟ್ಟಿಗೆ ಅದನ್ನೂ ನಮ್ಮ ಕರೆಸಂಕೇತವನ್ನೂ ಮರೆತಿತ್ತು. ಒಳಗಿನ ಲಿಥಿಯಂ ಕೋಶ ಬರಿದಾಗಿತ್ತು. ಹೊಸದನ್ನು ಬೆಸೆದು ಹಾಕಿದೆವು, ಅಂದಿನಿಂದ ಮರೆತಿಲ್ಲ.